ಗಟ್ಟಿಯಾಗಿ ಕೂತ ಲೋಹವನ್ನು ಕೆದಕಬೇಕೆ?

ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಐವತ್ತು ದಾಟಿದವರು ನಾಲ್ಕು ಜನ ಸೇರಿ ಬಾಯಿ ತುಂಬ ನಕ್ಕಾಗ ನೋಡಿ. ಹಿಂದಿನ ದವಡೆ ಹಲ್ಲುಗಳಲ್ಲಿ ಅಲ್ಲಲ್ಲಿ ಬೂದುಗಪ್ಪು ಲೋಹ ಇಣುಕುವುದುಂಟು. ಡಾಕ್ಟರ ಮಾತಿನಲ್ಲಿ ಅದು ಅಮಾಲ್ಗಮ್, ಕೆಲವರಿಗೆ ಸಿಲ್ವರ್ ಫಿಲ್ಲಿಂಗ್, ಉಳಿದವರಿಗೆ ‘ಆವಾಗ ಹಲ್ಲಿಗೆ ಸಿಮೆಂಟ್ ಹಾಕಿಸಿದ್ದು’. ಹಾಕಿಸಿದ ವರ್ಷ ನೆನಪಿರುವುದಿಲ್ಲ, ಹಾಕಿದ ಡಾಕ್ಟರು ಈಗ ಎಲ್ಲಿದ್ದಾರೋ ಗೊತ್ತಿರುವುದಿಲ್ಲ. ಆ ಹಲ್ಲು ಮಾತ್ರ ಅಂದಿನಿಂದ ಇಂದಿನವರೆಗೆ ಚಕ್ಕುಲಿ, ಕೋಡುಬಳೆ, ಕಬ್ಬು ಎಲ್ಲವನ್ನೂ ಅಗಿದುಕೊಂಡು ಬಂದಿದೆ. ಇಷ್ಟು ವರ್ಷ ಯಾರೂ ಅದರ ಸುದ್ದಿ ಎತ್ತಿರಲಿಲ್ಲ. ಈಗ ಮನೆಮನೆಯಲ್ಲೂ ಅದೇ ಮಾತು: ಇದನ್ನು ತೆಗೆಸಿ ಬಿಳಿಯದು ಹಾಕಿಸಬೇಕೋ, ಬೇಡವೋ?

ಕೇಳುವವರ ಕಾರಣಗಳು ಬೇರೆ ಬೇರೆ. ಭದ್ರಾವತಿಯ ಪೇಪರ್ ಟೌನ್ ಕಡೆಯ ನಿವೃತ್ತರೊಬ್ಬರಿಗೆ ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ ದುಂಬಾಲು ಬೀಳುತ್ತಾಳೆ: “ಅಪ್ಪಾ, ಅದರಲ್ಲಿ ಅರ್ಧ ಪಾದರಸವೇ ಇದೆಯಂತೆ. ಮೊದಲು ತೆಗೆಸು, ದುಡ್ಡಿಗೆ ಯೋಚನೆ ಮಾಡಬೇಡ.” ಇನ್ನೊಬ್ಬರಿಗೆ ಯಾವುದೋ ಕ್ಲಿನಿಕ್ಕಿನಲ್ಲಿ, ‘ಹಳೇದೆಲ್ಲ ಒಟ್ಟಿಗೆ ಬದಲಾಯಿಸಿಬಿಡೋಣ’ ಎಂದಿದ್ದಾರೆ. ಮತ್ತೊಬ್ಬರಿಗೆ ಮಗನ ಮದುವೆಯ ಫೋಟೊ ನೋಡಿದ ಮೇಲೆ ತಮ್ಮ ಕಪ್ಪು ಹಲ್ಲು ಮುಜುಗರ ತಂದಿದೆ. ಹೆದರಿಕೆ, ಸಲಹೆ, ಅಂದ ಈ ಮೂರೂ ಒಂದೇ ಪ್ರಶ್ನೆಯ ವೇಷ ಹಾಕಿಕೊಂಡು ಬರುವುದರಿಂದಲೇ ಉತ್ತರ ಕಲಸುಮೇಲೋಗರವಾಗುತ್ತದೆ.

ಮಗಳ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಅವಳು ಹೇಳಿದ್ದು ಸುಳ್ಳಲ್ಲ. ಬೆಳ್ಳಿ, ತವರ, ತಾಮ್ರ, ಕೆಲವೊಮ್ಮೆ ಚೂರು ಸತು ಸೇರಿದ ಪುಡಿಗೆ ಹೆಚ್ಚುಕಡಿಮೆ ಅದರಷ್ಟೇ ತೂಕದ ಪಾದರಸ ಬೆರೆಸಿದರೆ ಬೆಣ್ಣೆಯ ಹದದ ಮುದ್ದೆಯಾಗುತ್ತದೆ. ಹುಳುಕು ಕೊರೆದ ಗುಂಡಿಗೆ ಅದನ್ನು ಒತ್ತಿ ತುಂಬಿದರೆ ಕೆಲವು ಗಂಟೆಗಳಲ್ಲಿ ಕಲ್ಲಾಗುತ್ತದೆ. ಹಿಂದಿನ ಡಾಕ್ಟರು ಇದನ್ನು ಪುಟ್ಟ ಗಾಜಿನ ಕಲ್ಲಿನಲ್ಲಿ ಅರೆದು, ಹೆಚ್ಚಾದ ಪಾದರಸವನ್ನು ಬಟ್ಟೆಯಲ್ಲಿ ಹಿಂಡಿ ತೆಗೆಯುತ್ತಿದ್ದರು. ಬಾಯಿಯ ತೇವ ಇದಕ್ಕೆ ಅಷ್ಟಾಗಿ ತೊಡಕಲ್ಲ, ಅಗಿಯುವ ಭಾರ ತಡೆಯುತ್ತದೆ, ಬೆಲೆಯೂ ಕಡಿಮೆ. ಕೀಳಿಸುವುದೊಂದೇ ದಾರಿಯಾಗಿದ್ದ ಕಾಲದಲ್ಲಿ ಇದು ಕೋಟ್ಯಂತರ ಹಲ್ಲುಗಳನ್ನು ಉಳಿಸಿತು.

ಜಗಳವೂ ಹೊಸದಲ್ಲ. ಪ್ಯಾರಿಸ್ಸಿನಲ್ಲಿ 1820ರ ದಶಕದಲ್ಲಿ ಬಳಕೆಗೆ ಬಂದ ಬೆಳ್ಳಿ–ಪಾದರಸದ ಮುದ್ದೆ 1833ರಲ್ಲಿ ನ್ಯೂಯಾರ್ಕ್ ತಲುಪಿತು. ಅಲ್ಲಿನ ದಂತವೈದ್ಯರ ಸಂಘವೊಂದು 1845ರಲ್ಲಿ, ಇದನ್ನು ಮುಟ್ಟುವುದಿಲ್ಲವೆಂದು ಸದಸ್ಯರಿಂದ ಬರೆಸಿಕೊಳ್ಳಲು ಹೊರಟಿತು. ಆ ಹಟದಿಂದ ಸಂಘವೇ ಸೊರಗಿ 1856ರಲ್ಲಿ ಮುಚ್ಚಿಹೋಯಿತು. 1890ರ ದಶಕದಲ್ಲಿ ಜಿ.ವಿ. ಬ್ಲ್ಯಾಕ್ ಎಂಬ ದಂತವೈದ್ಯರು ಮಿಶ್ರಣದ ಪ್ರಮಾಣವನ್ನು ಸರಿಪಡಿಸಿದ ಮೇಲೆ ಅದು ಜಗತ್ತಿನ ದವಡೆಗಳನ್ನೆಲ್ಲ ಆಕ್ರಮಿಸಿತು.

ಲೋಹದ ವಿಷಯದಲ್ಲಿ ಭದ್ರಾವತಿಯವರಿಗೆ ಪಾಠ ಹೇಳಬೇಕಾಗಿಲ್ಲ. 1923ರಲ್ಲಿ ಊದುಕುಲುಮೆ ಹೊತ್ತಿಸಿದ ಊರು ಅದು. ಉಕ್ಕಿಗೆ ಕ್ರೋಮಿಯಂ, ನಿಕಲ್ ಬೆರೆತಾಗ ಗುಣವೇ ಬದಲಾಗುತ್ತದೆ, ಬೆರೆತದ್ದು ಬೆರೆಯುವ ಮೊದಲಿನದರ ಹಾಗೆ ವರ್ತಿಸುವುದಿಲ್ಲ ಎಂಬುದು ಕಾರ್ಖಾನೆಯಲ್ಲಿ ದುಡಿದವರಿಗೆ ಅಂಗೈ ನೆಲ್ಲಿಕಾಯಿ. ಹಲ್ಲಿನೊಳಗಿನ ಪಾದರಸದ ಕಥೆಯೂ ಹೀಗೆಯೇ. ಬೆಳ್ಳಿ, ತವರಗಳೊಂದಿಗೆ ಕೂಡಿ ಗಟ್ಟಿಯಾದ ಮೇಲೆ ಅದು ಒಡೆದ ಥರ್ಮಾಮೀಟರಿನಿಂದ ಉರುಳಿ ಹೋಗುವ ಗುಂಡಿನಂತೆ ಇರುವುದಿಲ್ಲ.

ಹಾಗೆಂದು ಅದು ಪೂರ್ತಿ ಮುಚ್ಚಿಟ್ಟ ಪೆಟ್ಟಿಗೆಯೂ ಅಲ್ಲ. ಅಗಿಯುವಾಗ, ನಿದ್ದೆಯಲ್ಲಿ ಹಲ್ಲು ಕಡಿಯುವಾಗ, ಬಿಸಿ ಕಾಫಿ ಕುಡಿಯುವಾಗ ಅದರ ಮೈಯಿಂದ ಸ್ವಲ್ಪ ಪಾದರಸ ಆವಿಯಾಗಿ ಏಳುತ್ತದೆ. ಸಾಮಾನ್ಯವಾಗಿ ದಿನಕ್ಕೆ ಕೆಲವು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದ ಕೆಲವು ಪಾಲು. ಇಷ್ಟರಿಂದ ಕೆಡುಕಾಗುತ್ತದೆಯೇ ಎಂದು ನೋಡಲು ಲಿಸ್ಬನ್ ನಗರದಲ್ಲೂ ಅಮೆರಿಕದ ಈಶಾನ್ಯ ರಾಜ್ಯಗಳಲ್ಲೂ ತಲಾ ಸುಮಾರು 500 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಮಾಲ್ಗಮ್, ಇನ್ನೊಂದಕ್ಕೆ ಬಿಳಿ ಕಾಂಪೋಸಿಟ್ ತುಂಬಿ, ಲಿಸ್ಬನ್ನಿನಲ್ಲಿ ಏಳು ವರ್ಷ, ಅಮೆರಿಕದಲ್ಲಿ ಐದು ವರ್ಷ ಹಿಂಬಾಲಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ ಅಮಾಲ್ಗಮ್ ಗುಂಪಿನ ಮಕ್ಕಳ ಮೂತ್ರದಲ್ಲಿ ಪಾದರಸ ತುಸು ಹೆಚ್ಚಿತ್ತು. ಬುದ್ಧಿಶಕ್ತಿ, ನೆನಪು, ನರಗಳ ಪರೀಕ್ಷೆಯಲ್ಲಿ ಗಣನೆಗೆ ಬರುವ ವ್ಯತ್ಯಾಸ ಕಾಣಲಿಲ್ಲ.

“ಅಷ್ಟು ನಿರಪಾಯವಾದರೆ ಜಗತ್ತೆಲ್ಲ ಯಾಕೆ ನಿಲ್ಲಿಸುತ್ತಿದೆ?” ಎಂದು ಮಗಳು ಕೇಳಬಹುದು, ಕೇಳಬೇಕಾದದ್ದೇ. ಯುರೋಪಿನ ಒಕ್ಕೂಟ 2025ರ ಜನವರಿಯಿಂದ, ವೈದ್ಯಕೀಯ ಅಗತ್ಯದ ವಿನಾಯಿತಿ ಬಿಟ್ಟರೆ, ಇದರ ಬಳಕೆಯನ್ನು ನಿಷೇಧಿಸಿದೆ. ನಾರ್ವೆ 2008ರಲ್ಲೇ ಕೈಬಿಟ್ಟಿತ್ತು. ಪಾದರಸವನ್ನು ಹತ್ತಿಕ್ಕಲು 2013ರಲ್ಲಿ ರೂಪುಗೊಂಡು 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದಕ್ಕೆ ಭಾರತ 2014ರಲ್ಲಿ ಸಹಿ ಹಾಕಿ, 2018ರಲ್ಲಿ ಅದನ್ನು ಅನುಮೋದಿಸಿತು. ಅದರ ಸದಸ್ಯ ದೇಶಗಳು 2025ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿ, 2034ರೊಳಗೆ ಹಲ್ಲಿನ ಅಮಾಲ್ಗಮ್ ಬಳಕೆಗೆ ಮಂಗಳ ಹಾಡಲು ಒಪ್ಪಿವೆ.

ಈ ಒಪ್ಪಂದ ಯಾರಿಗಾಗಿ ಹುಟ್ಟಿತು ಎಂದು ನೋಡಿದರೆ ಗೊಂದಲ ಅರ್ಧ ಕರಗುತ್ತದೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಮನುಷ್ಯರ ಹೊಟ್ಟೆ ಸೇರಿತು. ಅಲ್ಲಿನ ರೋಗ 1956ರಲ್ಲಿ ಅಧಿಕೃತವಾಗಿ ಬೆಳಕಿಗೆ ಬಂದಾಗ ನರಗಳು ಸೆಟೆದ ಮಕ್ಕಳನ್ನು ಜಗತ್ತು ನೋಡಿತು. ನಮ್ಮ ಪಕ್ಕದ ಕೊಡೈಕೆನಾಲಿನಲ್ಲಿ ಥರ್ಮಾಮೀಟರ್ ತಯಾರಿಸುತ್ತಿದ್ದ ಕಾರ್ಖಾನೆ ಪಾದರಸದ ಗಾಜಿನ ಚೂರುಗಳನ್ನು ಎಲ್ಲೆಂದರಲ್ಲಿ ಸುರಿದದ್ದು ಬಯಲಾಗಿ 2001ರಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡಿದವರೊಡನೆ ಪರಿಹಾರದ ಒಪ್ಪಂದವಾಗಲು 2016ರವರೆಗೆ ಕಾಯಬೇಕಾಯಿತು. ಪಾದರಸದ ಪೆಟ್ಟು ಬಿದ್ದದ್ದು ಹೆಚ್ಚಾಗಿ ಅದನ್ನು ಅಗೆಯುವವರಿಗೆ, ಕಾರ್ಖಾನೆಯಲ್ಲಿ ಉಸಿರಾಡುವವರಿಗೆ, ಹೊಳೆ ಕಡಲುಗಳ ಮೀನು ತಿನ್ನುವವರಿಗೆ. ಹಲ್ಲಿನ ಕ್ಲಿನಿಕ್ಕಿನಲ್ಲೂ ರೋಗಿಗಿಂತ ಹೆಚ್ಚು ಆವಿ ಕುಡಿದವರು ದಿನವಿಡೀ ಅದನ್ನು ಅರೆದು, ಹಿಂಡಿ, ತುಂಬುತ್ತಿದ್ದ ಡಾಕ್ಟರು ಮತ್ತು ಅವರ ಸಹಾಯಕರು.

ಹಾಗಾಗಿ ಇಲ್ಲಿ ಎರಡು ಪ್ರಶ್ನೆಗಳಿವೆ. ನಾಳೆಯಿಂದ ಹೊಸ ಹಲ್ಲಿಗೆ ಪಾದರಸ ತುಂಬಬೇಕೆ ಎಂಬುದು ಒಂದು. ನಿನ್ನೆ ತುಂಬಿ, ಗಟ್ಟಿಯಾಗಿ ಕೂತದ್ದನ್ನು ಕೊರೆದು ತೆಗೆಯಬೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಜಗತ್ತು ‘ಬೇಡ’ ಎನ್ನುತ್ತಿದೆ, ಅದು ಸರಿ. ಎರಡನೆಯದಕ್ಕೂ ಜಗತ್ತಿನ ಉತ್ತರ ‘ಬೇಡ’ ಎಂದೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಸಲಹೆಯಲ್ಲಿ ಎರಡೂ ಒಟ್ಟಿಗೇ ಇವೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಆರು ವರ್ಷದೊಳಗಿನ ಮಕ್ಕಳು, ನರರೋಗ ಅಥವಾ ಮೂತ್ರಪಿಂಡದ ತೊಂದರೆಯವರು, ಪಾದರಸದ ಅಲರ್ಜಿ ಇರುವವರು ಹೊಸದಾಗಿ ಅಮಾಲ್ಗಮ್ ಹಾಕಿಸಿಕೊಳ್ಳದಿರುವುದು ಲೇಸು. ಆದರೆ ಈಗಾಗಲೇ ಇದ್ದು ಚೆನ್ನಾಗಿರುವುದನ್ನು, ವೈದ್ಯಕೀಯ ಕಾರಣವಿಲ್ಲದೆ, ಯಾರೂ ತೆಗೆಸುವುದು ಬೇಡ.

ಯಾಕೆ ಬೇಡ? ಮೊದಲ ಕಾರಣ, ಆವಿ. ಸುಮ್ಮನೆ ಕೂತಾಗ ಏಳುವುದಕ್ಕಿಂತ, ವೇಗದ ಡ್ರಿಲ್ಲಿನಿಂದ ಪುಡಿ ಮಾಡುವಾಗ ಏಳುವ ಪಾದರಸ ಹೆಚ್ಚು. ಭಯದಿಂದ ತೆಗೆಸಲು ಹೋದವರು ತಾತ್ಕಾಲಿಕವಾಗಿಯಾದರೂ ಆ ಭಯದ ವಸ್ತುವನ್ನೇ ಹೆಚ್ಚು ಉಸಿರಾಡುತ್ತಾರೆ.

ಎರಡನೆಯ ಕಾರಣ ಇನ್ನೂ ದೊಡ್ಡದು. ಇಲ್ಲಿ ದುಬಾರಿಯಾದದ್ದು ತುಂಬುವ ವಸ್ತುವಲ್ಲ, ಹಲ್ಲು. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಬೆಳೆಯುತ್ತದೆ. ಹಲ್ಲಿನ ಎನಾಮೆಲ್ ಒಮ್ಮೆ ಹೋದರೆ ಹೋಯಿತು. ಎಷ್ಟೇ ನಾಜೂಕಿನ ಕೈಯಾದರೂ ಹಳೆಯ ಫಿಲ್ಲಿಂಗ್ ತೆಗೆಯುವಾಗ ಸುತ್ತಲಿನ ಒಳ್ಳೆಯ ಹಲ್ಲಿನ ಚೂರು ಜೊತೆಗೆ ಹೋಗುವುದು ತಪ್ಪದು. ಗುಂಡಿ ದೊಡ್ಡದಾಗುತ್ತದೆ, ಗೋಡೆ ತೆಳ್ಳಗಾಗುತ್ತದೆ. ಬಿಳಿ ಫಿಲ್ಲಿಂಗ್ ಹತ್ತು ವರ್ಷಕ್ಕೆ ಮುಗಿದರೆ ಮತ್ತೆ ಕೊರೆತ. ಆಮೇಲೆ ನರಕ್ಕೆ ತಾಗಿ ರೂಟ್ ಕೆನಾಲ್, ಅದರ ಮೇಲೆ ಕ್ಯಾಪ್, ಅದೂ ಮುಗಿದರೆ ಕೀಳಿಸುವುದು. ಪ್ರತಿ ಹಲ್ಲೂ ಈ ಮೆಟ್ಟಿಲುಗಳನ್ನೆಲ್ಲ ಇಳಿಯಲೇಬೇಕೆಂದಿಲ್ಲ. ಆದರೆ ಕಾರಣವಿಲ್ಲದೆ ಬದಲಾಯಿಸುವ ಪ್ರತಿ ಸಲವೂ ಒಂದು ಮೆಟ್ಟಿಲು ಇಳಿದ ಹಾಗೆಯೇ.

ಲಿಸ್ಬನ್ನಿನ ಅದೇ ಮಕ್ಕಳಲ್ಲಿ ಏಳು ವರ್ಷ ಕಳೆದಾಗ ನೂರಕ್ಕೆ ಸುಮಾರು 94 ಅಮಾಲ್ಗಮ್‌ಗಳು ಉಳಿದಿದ್ದವು, ಕಾಂಪೋಸಿಟ್‌ಗಳಲ್ಲಿ ಉಳಿದದ್ದು ಸುಮಾರು 85. ಅಂದಿನಿಂದ ಬಿಳಿ ವಸ್ತುಗಳು ಸುಧಾರಿಸಿವೆ, ನಿಜ. ಅವುಗಳಿಗೊಂದು ದೊಡ್ಡ ಗುಣವೂ ಇದೆ. ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ, ಅದನ್ನು ಹಿಡಿದು ನಿಲ್ಲಿಸಲು ಗುಂಡಿಯನ್ನು ಒಳಗೆ ಅಗಲವಾಗಿ ಕೊರೆಯಬೇಕಿತ್ತು. ಕಾಂಪೋಸಿಟ್ ಅಂಟಿಕೊಳ್ಳುವುದರಿಂದ ಹೊಸ ಹುಳುಕಿಗೆ ಸಣ್ಣ ಗುಂಡಿ ಸಾಕು, ಹಲ್ಲು ಉಳಿಯುತ್ತದೆ. ಆದರೆ ಅಂಟಬೇಕಾದರೆ ಜಾಗ ಒಣಗಿರಬೇಕು, ಪದರ ಪದರವಾಗಿ ಹಾಕಿ ಬೆಳಕಿನಲ್ಲಿ ಗಟ್ಟಿ ಮಾಡಬೇಕು, ಡಾಕ್ಟರಿಗೆ ಪುರುಸೊತ್ತಿರಬೇಕು. ಒಸಡಿನ ಕೆಳಗೆ ಇಳಿದ ದೊಡ್ಡ ಗುಂಡಿಯಲ್ಲಿ ಇದು ಸುಲಭದ ಮಾತಲ್ಲ.

ಹಾಗಾದರೆ ಯಾವಾಗ ತೆಗೆಸಬೇಕು? ಫಿಲ್ಲಿಂಗಿನ ಅಡಿಯಲ್ಲೋ ಅಂಚಿನಲ್ಲೋ ಮತ್ತೆ ಹುಳುಕು ಹಿಡಿದಿದ್ದರೆ, ಲೋಹವೇ ಒಡೆದಿದ್ದರೆ, ಅಂಚು ಬಾಯಿ ಬಿಟ್ಟು ಊಟ ಸಿಕ್ಕಿಕೊಳ್ಳುತ್ತಿದ್ದರೆ, ಹಲ್ಲಿನ ಗೋಡೆಯಲ್ಲಿ ಬಿರುಕು ಬಿಟ್ಟು ಕಚ್ಚಿದಾಗ ಚಳಕ್ಕೆನ್ನುತ್ತಿದ್ದರೆ ತಡ ಮಾಡಬಾರದು. ಲೋಹಕ್ಕೆ ತಾಗುವ ಕೆನ್ನೆಯ ಒಳಭಾಗದಲ್ಲೋ ನಾಲಿಗೆಯ ಪಕ್ಕದಲ್ಲೋ ಬಿಳಿ ಗೆರೆ, ಉರಿ ಕಾಣಿಸಿಕೊಂಡರೆ ಅದು ಲೋಹದ ಮೇಲಿನ ಪ್ರತಿಕ್ರಿಯೆ ಇರಬಹುದು, ಪರೀಕ್ಷೆ ಬೇಕು. ಇವು ಯಾವುವೂ ಇಲ್ಲದೆ ಬರೀ ಕಪ್ಪಾಗಿದೆ ಎಂಬುದು ಕಾರಣವಲ್ಲ. ಕಪ್ಪು ಲೋಹದ ಸಹಜ ಮುಪ್ಪು. ಸುತ್ತಲಿನ ಹಲ್ಲಿಗೆ ಬೂದು ಛಾಯೆ ಬಂದದ್ದನ್ನೂ ಕಣ್ಣಳತೆಯಲ್ಲೇ ಹುಳುಕೆಂದು ತೀರ್ಮಾನಿಸಲಾಗದು. ಅಂಚು ಮಾತ್ರ ಸ್ವಲ್ಪ ಹೋಗಿದ್ದರೆ ಆ ಜಾಗವನ್ನಷ್ಟೇ ರಿಪೇರಿ ಮಾಡಿ, ಉಜ್ಜಿ ಪಾಲಿಶ್ ಮಾಡಿ ಇನ್ನಷ್ಟು ವರ್ಷ ನಡೆಸಬಹುದು. ಈ ನಡುವಿನ ದಾರಿ ಇದೆಯೆಂದು ಕೇಳದ ಹೊರತು ಹೇಳುವವರು ಕಡಿಮೆ.

ಮಲೆನಾಡಿನ ಬಾಯಿಗೆ ಇನ್ನೊಂದು ಮಾತು ಸೇರಿಸಬೇಕು. ನಮ್ಮದು ಅಡಿಕೆಯ ಸೀಮೆ. ದಿನವಿಡೀ ಕವಳ ಹಾಕುವವರ ಹಲ್ಲು ಸವೆಯುತ್ತದೆ, ಕರೆಗಟ್ಟುತ್ತದೆ, ಯಾವುದು ಕರೆ, ಯಾವುದು ಲೋಹ, ಯಾವುದು ಹುಳುಕು ಎಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕಿಂತ ಗಂಭೀರವಾದದ್ದು, ಕೆನ್ನೆ ಬಿಗಿದು ಬಾಯಿ ತೆರೆಯಲಾಗದಿರುವುದು, ಖಾರ ತಾಗಿದರೆ ಉರಿಯುವುದು, ವಾಸಿಯಾಗದ ಹುಣ್ಣು. ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸೇರಿಸಿದೆ. ತೋಟದ ಆದಾಯದಲ್ಲೇ ಬದುಕುವ ಜಿಲ್ಲೆಯಲ್ಲಿ ಇದು ಹಿತವಾದ ಮಾತಲ್ಲ. ಆದರೂ ತಂಬಾಕು ಸೇರಿಸಿ ಕವಳ ಜಗಿಯುತ್ತ, ಮೈಕ್ರೋಗ್ರಾಂ ಪಾದರಸಕ್ಕೆ ಹೆದರಿ ಹಲ್ಲು ಕೊರೆಸಿಕೊಳ್ಳುವುದು ಲೆಕ್ಕ ತಪ್ಪಿದ ಹೆದರಿಕೆಯೇ ಸರಿ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಾಗ ಫಿಲ್ಲಿಂಗ್ ತೋರಿಸುವ ಮೊದಲು ಕೆನ್ನೆಯ ಒಳಭಾಗ ನೋಡಲು ಹೇಳುವುದು ಜಾಣತನ.

ತೆಗೆಸಲೇಬೇಕಾದಾಗ ತೆಗೆಯುವ ರೀತಿಯೂ ಮುಖ್ಯ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಚೂರುಗಳು ಗಂಟಲಿಗೆ ಹೋಗದಂತೆ ತಡೆಯಬೇಕು. ನೀರು ಧಾರಾಳವಾಗಿ ಬಿಡಬೇಕು, ಪಕ್ಕದಲ್ಲೇ ಜೋರಾದ ಸಕ್ಷನ್ ಇರಬೇಕು. ಪುಡಿ ಮಾಡುವ ಬದಲು ತುಂಡು ತುಂಡಾಗಿ ಸೀಳಿ ಎತ್ತಿದರೆ ಆವಿ ಕಡಿಮೆ. ಗರ್ಭಿಣಿಯಾಗಿದ್ದಾಗ, ಹಾಲೂಡಿಸುವಾಗ ತುರ್ತಿಲ್ಲದ ಯಾವ ಹಳೆಯ ಫಿಲ್ಲಿಂಗನ್ನೂ ಕೆದಕದಿರುವುದೇ ಒಳ್ಳೆಯದು.

ತೆಗೆದ ಚೂರು ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳುವುದೇ ಇಲ್ಲ. ಮುಚ್ಚಿದ ಡಬ್ಬಿಯಲ್ಲಿಟ್ಟು ಅಪಾಯಕಾರಿ ತ್ಯಾಜ್ಯವಾಗಿ ಕಳಿಸಿದರೆ ಸರಿ. ಸಿಂಕಿಗೆ ಉಗಿದು ತೊಳೆದರೆ ಅದು ಚರಂಡಿ ಹಿಡಿದು ಶಿವಮೊಗ್ಗದಲ್ಲಿ ತುಂಗೆಯ ಕಡೆಗೆ, ಭದ್ರಾವತಿಯಲ್ಲಿ ಭದ್ರೆಯ ಕಡೆಗೆ ಹೊರಡುತ್ತದೆ. ಕೂಡಲಿಯಲ್ಲಿ ಎರಡೂ ಒಂದಾಗುತ್ತವೆ. ಹೊಳೆಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಪಾದರಸವನ್ನು ಮಿನಮಾಟಾದ ಮೀನಿನಲ್ಲಿದ್ದ ಆ ಕೆಟ್ಟ ರೂಪಕ್ಕೆ ತಿರುಗಿಸಬಲ್ಲವು. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹೆಮ್ಮೆ ಪಡುವ ಊರಿನಲ್ಲಿ, ನನ್ನ ಬಾಯಿಯಿಂದ ತೆಗೆದದ್ದನ್ನು ಏನು ಮಾಡುತ್ತೀರಿ ಎಂದು ಡಾಕ್ಟರನ್ನು ಕೇಳುವುದು ಅಧಿಕಪ್ರಸಂಗವಾಗದು.

ಇನ್ನು ಅಂದದ ಮಾತು. ನಕ್ಕಾಗ ಕಪ್ಪು ಕಾಣಬಾರದು ಎಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಆರೋಗ್ಯದ ಅಂಗಿ ತೊಡಿಸಬೇಕಾಗಿಲ್ಲ ಅಷ್ಟೇ. ಮುಂದೆ ಕಾಣುವ ಒಂದು ಹಲ್ಲಿಗಾಗಿ ಖರ್ಚನ್ನೂ ಎನಾಮೆಲ್ ನಷ್ಟವನ್ನೂ ತಿಳಿದು ಒಪ್ಪಿಕೊಂಡರೆ ಅದು ಅವರವರ ಇಷ್ಟ. ‘ವಿಷ ತೆಗೆಯುತ್ತೇವೆ’ ಎಂಬ ಹೆಸರಿನಲ್ಲಿ ಆರು ಹಲ್ಲು ಒಂದೇ ವಾರದಲ್ಲಿ ಕೊರೆಸಿಕೊಂಡರೆ ಅದು ಇಷ್ಟವೂ ಅಲ್ಲ, ಚಿಕಿತ್ಸೆಯೂ ಅಲ್ಲ. ಅನುಮಾನ ಬಂದರೆ ಇನ್ನೊಂದು ಕಡೆ ತೋರಿಸುವುದಕ್ಕೆ ಸಂಕೋಚ ಬೇಡ. ಆಲ್ಕೊಳದ ಶರಾವತಿ ದಂತ ವೈದ್ಯಕೀಯ ಕಾಲೇಜಿದೆ, ಮೆಗ್ಗಾನ್ ಆಸ್ಪತ್ರೆಯಿದೆ, ದುರ್ಗಿಗುಡಿಯ ಸುತ್ತಮುತ್ತ ಕ್ಲಿನಿಕ್ಕುಗಳಿಗೆ ಬರವಿಲ್ಲ. ಎಲ್ಲಿಗೇ ಹೋದರೂ ಕೇಳಬೇಕಾದದ್ದು ಇಷ್ಟು: ಯಾವ ಹಲ್ಲು? ಅದರಲ್ಲಿ ಏನು ಕೆಟ್ಟಿದೆ, ಎಕ್ಸ್‌ರೇಯಲ್ಲಿ ತೋರಿಸುತ್ತೀರಾ? ರಿಪೇರಿ ಸಾಕಾಗುವುದಿಲ್ಲವೇ? ಈಗ ಬಿಟ್ಟು ಆರು ತಿಂಗಳ ಮೇಲೆ ನೋಡಿದರೆ ಏನು ನಷ್ಟ? ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಗಳು ಇಷ್ಟವೇ ಆಗುತ್ತವೆ. “ಇದು ಗಟ್ಟಿಯಾಗಿದೆ ಸಾರ್, ಮುಟ್ಟೋದು ಬೇಡ” ಎಂದು ಹೇಳಿ ಒಂದು ಕೆಲಸದ ದುಡ್ಡನ್ನು ಬಿಟ್ಟುಕೊಡುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ.

ತೀರ್ಮಾನ ಬಾಯಿಗೊಂದಲ್ಲ, ಹಲ್ಲಿಗೊಂದು. ಒಂದೇ ದವಡೆಯಲ್ಲಿ ಒಂದನ್ನು ಇವತ್ತೇ ತೆಗೆಸಬೇಕಾಗಬಹುದು, ಪಕ್ಕದ್ದು ಇನ್ನೂ ಇಪ್ಪತ್ತು ವರ್ಷ ಬರಬಹುದು. ಹೊಸದನ್ನು ನಿಲ್ಲಿಸಿದ್ದು ಸರಿ, ಹಳೆಯದನ್ನು ಇರಗೊಡುವುದೂ ಸರಿ ಎಂದು ಒಟ್ಟಿಗೆ ಒಪ್ಪಿಕೊಳ್ಳುವುದು ನಮಗೆ ಕಷ್ಟ. ಒಂದನ್ನು ಬಿಟ್ಟೆವೆಂದರೆ ಅದರ ಗುರುತನ್ನೂ ಅಳಿಸಬೇಕೆಂದು ಕೈ ತುರಿಸುತ್ತದೆ. ಹಲ್ಲು ಆ ತುರಿಕೆಗೆ ಬೆಲೆ ತೆರುತ್ತದೆ.

ಮಿನಮಾಟಾ ಒಪ್ಪಂದ ಹಲ್ಲಿನ ಪಾದರಸವನ್ನು ತಗ್ಗಿಸಲು ದೇಶಗಳಿಗೆ ಒಂಬತ್ತು ಕ್ರಮಗಳನ್ನು ಪಟ್ಟಿ ಮಾಡಿದೆ. ಪಟ್ಟಿಯ ಮೊದಲ ಸಾಲಿನಲ್ಲಿರುವುದು ಬಿಳಿ ಫಿಲ್ಲಿಂಗ್ ಅಲ್ಲ, ಹುಳುಕೇ ಬಾರದಂತೆ ನೋಡಿಕೊಳ್ಳುವುದು. ಕರ್ನಾಟಕದಲ್ಲಿ ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆ ಬಂತು, ಬೇಕಾದದ್ದೇ. ಹುಳುಕು ತಡೆಯುವ ಭಾಗ್ಯ ಮಾತ್ರ ಸರ್ಕಾರಕ್ಕಿಂತ ಮೊದಲು ಮನೆಯ ಕೈಯಲ್ಲಿದೆ. ರಾತ್ರಿ ಮಲಗುವ ಮೊದಲು ಮಕ್ಕಳ ಹಲ್ಲಿಗೆ ಫ್ಲೋರೈಡ್ ಪೇಸ್ಟಿನಿಂದ ಒಂದು ಬ್ರಶ್, ಅದಾದ ಮೇಲೆ ಬಿಸ್ಕೆಟ್ಟೂ ಬೇಡ, ಸಕ್ಕರೆ ಹಾಲೂ ಬೇಡ. ಹಳೆಯ ಲೋಹದ ಚಿಂತೆಯಲ್ಲಿ ಕಳೆಯುವ ಹೊತ್ತಿನ ಕಾಲು ಪಾಲು ಇದಕ್ಕೆ ಕೊಟ್ಟರೆ, ತೆಗೆಸಬೇಕೋ ಬೇಡವೋ ಎಂಬ ಪ್ರಶ್ನೆ ಮುಂದಿನ ತಲೆಮಾರಿಗೆ ಅಷ್ಟಾಗಿ ಬರಲಿಕ್ಕಿಲ್ಲ.